ಹೋಮ ಬಿಟ್ಟ ಮನೆ, ವಾಸ್ತು ಬಿಡದ ನಕ್ಷೆ

ನಮ್ಮ ಸಮಾಜದಲ್ಲಿ ಹೊಸ ಮನೆಯ ಗುರುಪ್ರವೇಶ ನಡೆಯುವ ರೀತಿ ಬದಲಾಗಿರುವುದು ಸಂತೋಷದ ಸಂಗತಿ. ಹೋಮದ ಹೊಗೆ ಇಲ್ಲ, ಅರ್ಥವಾಗದ ಮಂತ್ರವಿಲ್ಲ, ರಾಹುಕಾಲದ ಲೆಕ್ಕವಿಲ್ಲ. ಷಟ್‌ಸ್ಥಲ ಧ್ವಜ ಏರುತ್ತದೆ, ಸಾಮೂಹಿಕ ಇಷ್ಟಲಿಂಗ ಪೂಜೆ ಆಗುತ್ತದೆ, ಅಕ್ಕನ ಬಳಗದ ತಾಯಂದಿರು ವಚನ ಹಾಡುತ್ತಾರೆ, ಪೂಜ್ಯರು ಆಶೀರ್ವಚನ ನೀಡುತ್ತಾರೆ. ಆದರೆ ಪ್ರಸಾದ ಮುಗಿಸಿ ಮನೆಯನ್ನು ಸುತ್ತಿ ನೋಡಿದರೆ ಬೇರೆಯೇ ಕಥೆ. ಬಾಗಿಲು ಎಲ್ಲಿರಬೇಕು, ಒಲೆ ಯಾವ ಕಡೆ ಮುಖ ಮಾಡಬೇಕು, ಯಜಮಾನರು ಯಾವ ಮೂಲೆಯಲ್ಲಿ ಮಲಗಬೇಕು ಎಂಬುದನ್ನೆಲ್ಲ ವಾಸ್ತು ಹೇಳುವವರು ಬಂದು ಮೊದಲೇ ತೀರ್ಮಾನಿಸಿ ಹೋಗಿರುತ್ತಾರೆ. ಆಚರಣೆ ನಮ್ಮದಾಯಿತು, ಗೋಡೆಗಳು ಇನ್ನೂ ಅವರವೇ.

ಸರ್ಕಾರಿ ಎಂಜಿನಿಯರನಾಗಿ ಕಟ್ಟಡಗಳ ನಡುವೆಯೇ ಬದುಕು ಕಳೆದವನು ನಾನು. ಇದನ್ನು ಬರೀ ಮೌಢ್ಯದ ಪ್ರಶ್ನೆಯಾಗಿ ಬರೆಯುತ್ತಿಲ್ಲ. ವಾಸ್ತು ನಂಬಿ ಕಟ್ಟಿದ ಮನೆ ಬೇಸಿಗೆಯಲ್ಲಿ ಕಾದ ಹಂಚಿನಂತಾಗುತ್ತದೆ, ಆಮೇಲೆ ಎ.ಸಿ. ಬರುತ್ತದೆ, ಅದರ ಹಿಂದೆ ಕರೆಂಟಿನ ಬಿಲ್ಲು ಬರುತ್ತದೆ. ಪರಿಸರಸ್ನೇಹಿ ಮನೆ ಎಂದರೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸುವುದು ಎಂದು ತಿಳಿದವರೇ ಹೆಚ್ಚು. ಅದು ಕೊನೆಗೆ ಮಾಡುವ ಕೆಲಸ. ಮೊದಲ ಕೆಲಸ ನಕ್ಷೆಯಲ್ಲಿದೆ.

ಸೂರ್ಯನನ್ನೇ ತೆಗೆದುಕೊಳ್ಳಿ. ಕಲಬುರ್ಗಿ, ವಿಜಯಪುರಗಳು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾರ್ಚ್ ಕೊನೆಗೆ 73 ಡಿಗ್ರಿ ದಾಟಿ, ಏಪ್ರಿಲ್ ಮೇ ತಿಂಗಳಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಇದರ ಅರ್ಥ ಇಷ್ಟೆ: ದಕ್ಷಿಣದ ಕಿಟಕಿಯ ಮೇಲೆ 2 ಅಡಿ ಸಜ್ಜ ಹಾಕಿದರೆ ಬೇಸಿಗೆಯಲ್ಲಿ ಕಿಟಕಿ ಪೂರ್ತಿ ನೆರಳಿನಲ್ಲಿರುತ್ತದೆ, ಚಳಿಗಾಲದಲ್ಲಿ ಅದರ ಕೆಳಭಾಗದಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಒಂದು ಸಜ್ಜ, ಎರಡು ಕೆಲಸ, ಖರ್ಚು ಅಲ್ಪ. ಆದರೆ ದಕ್ಷಿಣ ಯಮನ ದಿಕ್ಕಂತೆ! ಅಲ್ಲಿ ಬಾಗಿಲು ಬೇಡ, ಕಿಟಕಿ ಕಡಿಮೆ ಮಾಡಿ ಎನ್ನುತ್ತಾರೆ. ನಮ್ಮ ನಾಡಿನಲ್ಲಿ ಬಿಸಿಲನ್ನು ಹಿಡಿತದಲ್ಲಿಡಲು ಸುಲಭವಾದ ಗೋಡೆಗಳು ಉತ್ತರ ಮತ್ತು ದಕ್ಷಿಣದವು. ಸುಡುವುದು ಪಶ್ಚಿಮದ ಗೋಡೆ. ಏಪ್ರಿಲಿನ ಸಂಜೆ 5 ಗಂಟೆಗೆ ಸೂರ್ಯ ಕೆಳಗಿಳಿದಿರುವುದರಿಂದ ಪಶ್ಚಿಮದ ಕಿಟಕಿಯ ಮೇಲಿನ ಅದೇ 2 ಅಡಿ ಸಜ್ಜದ ನೆರಳು ಒಂದಡಿಯನ್ನೂ ದಾಟುವುದಿಲ್ಲ. ಉಳಿದ ಕಿಟಕಿಯಿಂದ ಬಿಸಿಲು ನೇರ ಹಾಸಿಗೆಯ ಮೇಲೆ ಬೀಳುತ್ತದೆ.

ಈಗ ಯಜಮಾನರ ಮಲಗುವ ಕೋಣೆ ನೈರುತ್ಯದಲ್ಲೇ ಇರಬೇಕೆಂಬ ನಿಯಮವನ್ನು ನೋಡಿ. ಮಧ್ಯಾಹ್ನದಿಂದ ಮುಳುಗುವವರೆಗಿನ ಬಿಸಿಲೆಲ್ಲ ಆ ಮೂಲೆಗೇ ಬೀಳುತ್ತದೆ. 9 ಇಂಚಿನ ಇಟ್ಟಿಗೆ ಗೋಡೆ ಹಗಲು ಹೀರಿದ ಬಿಸಿಯನ್ನು ತಡವಾಗಿ ರಾತ್ರಿ ಹೊತ್ತು ಒಳಗೆ ಬಿಡುತ್ತದೆ. ಮನುಷ್ಯ ಮಲಗುವ ಹೊತ್ತಿಗೆ ಸರಿಯಾಗಿ! ಮಳೆಗಾಲದಲ್ಲಿ ಆ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಬೇಸಿಗೆಯ ರಾತ್ರಿಗೆ ಅದರಿಂದ ಏನೂ ಆಗುವುದಿಲ್ಲ. ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಉಗ್ರಾಣ ಇಟ್ಟು, ಜಾಗವಿದ್ದರೆ ಒಂದು ಬೇವನ್ನೋ ಹೊಂಗೆಯನ್ನೋ ನೆಟ್ಟು, ಮಲಗುವ ಕೋಣೆಯನ್ನು ಉತ್ತರ ಅಥವಾ ಪೂರ್ವದ ಕಡೆ ತಂದರೆ ಎ.ಸಿ.ಯ ಮಾತು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ನಿಲ್ಲುತ್ತದೆ.

‘ವಾಸ್ತುವೂ ವಿಜ್ಞಾನವೇ, ಹಿರಿಯರು ಸೂರ್ಯ ಗಾಳಿ ನೋಡಿಯೇ ಮಾಡಿದ್ದು’ ಎಂದು ನಮ್ಮವರೇ ವಾದಿಸುತ್ತಾರೆ. ಹಾಗಾದರೆ ಊರು ಬದಲಾದಾಗ ನಿಯಮವೂ ಬದಲಾಗಬೇಕಲ್ಲ? ಕಾರವಾರದ ಮಳೆಗೆ, ರಾಯಚೂರಿನ ಬಿಸಿಲಿಗೆ, ಬೆಂಗಳೂರಿನ ತಂಪಿಗೆ ಒಂದೇ ನಿಯಮ ಹೇಗೆ ಹೊಂದೀತು? ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನಮ್ಮ ಕನ್ನಡಿಗರು ಮನೆ ಕಟ್ಟುತ್ತಾರೆ. ಅಲ್ಲಿ ನಡುಹಗಲಿನ ಸೂರ್ಯ ಇರುವುದೇ ಉತ್ತರದಲ್ಲಿ. ಅಲ್ಲಿಗೂ ಇದೇ ಈಶಾನ್ಯ, ಇದೇ ನೈರುತ್ಯ ಎಂದರೆ ಅದು ಸೂರ್ಯನನ್ನು ನೋಡಿ ಹೇಳಿದ ಮಾತಲ್ಲ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ವಸತಿ ಕಟ್ಟಡಗಳಿಗೆಂದು ‘ಇಕೋ ನಿವಾಸ್ ಸಂಹಿತೆ’ ತಂದಿದೆ. ತೆರೆಯಬಹುದಾದ ಕಿಟಕಿ ಎಷ್ಟಿರಬೇಕೆಂಬುದಕ್ಕೆ ಅದರಲ್ಲಿ ಹವಾಮಾನಕ್ಕೊಂದು ಲೆಕ್ಕವಿದೆ: ಒಣ ಬಿಸಿಲಿನ ಪ್ರದೇಶಕ್ಕೆ ನೆಲದ ವಿಸ್ತೀರ್ಣದ ಶೇ 10, ಸೆಕೆಯ ಕರಾವಳಿಗೆ ಸುಮಾರು ಶೇ 17. ವಿಜ್ಞಾನ ಎಂದರೆ ಇದು. ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಹಳೆಯದೆಲ್ಲ ಒಳ್ಳೆಯದಿತ್ತು ಎಂದೂ ನಾನು ಹೇಳುವುದಿಲ್ಲ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳು ದಪ್ಪ ಗೋಡೆಯಿಂದಾಗಿ, ಬೆಳಕಿಂಡಿಯಿಂದಾಗಿ ತಂಪಾಗಿದ್ದವು, ನಿಜ. ಆದರೆ ಅಡುಗೆಮನೆಯಲ್ಲಿ ನಮ್ಮ ಅವ್ವಂದಿರು ಹೊಗೆ ಕುಡಿದೇ ಕೆಮ್ಮಿದರು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಸೋರುತ್ತಿತ್ತು. ಮುಟ್ಟಾದ ಹೆಣ್ಣುಮಕ್ಕಳಿಗೆ ಬೇರೆ ಮೂಲೆ, ಕೆಲವು ಜಾತಿಯವರಿಗೆ ಹೊರಗಿನ ಕಟ್ಟೆ ಎಂಬ ಭೇದವೂ ಆ ನಕ್ಷೆಯಲ್ಲಿ ಇತ್ತು. ಸೂತಕಗಳನ್ನು ಅಲ್ಲಗಳೆದ ಧರ್ಮದವರು ಅದನ್ನು ಮರಳಿ ತರಬೇಕಾಗಿಲ್ಲ. ತರಬೇಕಾದದ್ದು ಬೆಳಕಿಂಡಿಯನ್ನು. ಬಿಸಿಗಾಳಿ ಮೇಲೇರಿ ಹೊರಹೋಗಲು ಚಾವಣಿಯ ಹತ್ತಿರ ದಾರಿ ಇಲ್ಲದಿದ್ದರೆ ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತಿರುತ್ತದೆ. ಒಂದಂತಸ್ತಿನ ಮನೆಗೆ ಹೆಚ್ಚಿನ ಬಿಸಿ ಬರುವುದೂ ಆರ್‌ಸಿಸಿ ಮಾಳಿಗೆಯಿಂದಲೇ. ಅದಕ್ಕೆ ಪ್ರತಿ ಬೇಸಿಗೆಗೆ ಮುನ್ನ ಸುಣ್ಣ ಬಳಿಯುವುದು ಅತ್ಯಂತ ಅಗ್ಗದ ಉಪಾಯ, ಯಾರೂ ಮಾಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಮನೆಯ ಗಾತ್ರ. ಜಿಲ್ಲಾ ಕೇಂದ್ರಗಳಲ್ಲಿ ನಮ್ಮವರ 3000 ಚದರ ಅಡಿ ಮನೆಗಳಿವೆ. ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ. ಮನೆಯಲ್ಲಿ ವಯಸ್ಸಾದ ದಂಪತಿ ಇಬ್ಬರೇ, ಮೇಲಂತಸ್ತಿಗೆ ಬೀಗ. ಗುತ್ತಿಗೆದಾರರ ಸಾಮಾನ್ಯ ಲೆಕ್ಕದಲ್ಲಿ ಚದರ ಅಡಿಗೆ 0.4 ಚೀಲ ಸಿಮೆಂಟು, ಮೂರೂವರೆಯಿಂದ ನಾಲ್ಕು ಕಿಲೊ ಕಬ್ಬಿಣ ಬೇಕು. 1000 ಚದರ ಅಡಿ ಕಡಿಮೆ ಕಟ್ಟಿದರೆ 400 ಚೀಲ, ಅಂದರೆ 20 ಟನ್ ಸಿಮೆಂಟು ಉಳಿಯುತ್ತದೆ. ಅಷ್ಟು ಸಿಮೆಂಟು ತಯಾರಾಗುವಾಗ ಹತ್ತು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 3 ಕಿಲೊವ್ಯಾಟ್ ಸೋಲಾರ್ ಹಾಕಿಸಿ ಅಷ್ಟನ್ನು ಸರಿದೂಗಿಸಲು ಮೂರು ನಾಲ್ಕು ವರ್ಷ ಬೇಕು, ಕಬ್ಬಿಣದ ಲೆಕ್ಕ ಬೇರೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಿರುಗಿಸಿದವರು ಲಕ್ಕಮ್ಮ. ಆ ಪ್ರಸಂಗವನ್ನು ವೇದಿಕೆಯಲ್ಲಿ ಕಣ್ಣು ತುಂಬಿಕೊಂಡು ಕೇಳುತ್ತೇವೆ. ಬೀಗ ಹಾಕಿದ ಮೇಲಂತಸ್ತು ಕೂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯೇ ಅಲ್ಲವೇ?

ಸಾಮಗ್ರಿಯ ವಿಚಾರದಲ್ಲಿ ಕುರುಡು ಅನುಕರಣೆ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರ ಒತ್ತುಯಂತ್ರದ ಮಣ್ಣಿನ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದೆ. ಮರಳುಮಿಶ್ರಿತ ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ ಈ ಇಟ್ಟಿಗೆಯನ್ನು ಭಟ್ಟಿಯಲ್ಲಿ ಸುಡಬೇಕಾಗಿಲ್ಲ. ಆದರೆ ನಮ್ಮ ಎರೆಮಣ್ಣು ಇದಕ್ಕೆ ಆಗುವುದಿಲ್ಲ, ನೀರಿಗೆ ಉಬ್ಬಿ ಒಣಗಿದರೆ ಬಿರಿಯುತ್ತದೆ. ಎರೆ ನಾಡಿನಲ್ಲಿ ಸ್ಥಳೀಯ ಕಲ್ಲಿನ ಗೋಡೆ, ನೆಲಕ್ಕೆ ದೂರದ ಟೈಲ್ಸ್ ಬದಲು ಶಹಾಬಾದ್ ಕಲ್ಲು ಸಾಕು. ಒಳ್ಳೆಯ ಇಟ್ಟಿಗೆ ಸಿಗುವ ಕಡೆ ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದ ರ್ಯಾಟ್ ಟ್ರ್ಯಾಪ್ ಕಟ್ಟಡವಿದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವುದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಗೋಡೆ ಬಿಸಿಯನ್ನೂ ತಡೆಯುತ್ತದೆ. ಈ ವಿಧಾನಗಳಲ್ಲಿ ಗೌಂಡಿಯ ಕೈಕೆಲಸ ಹೆಚ್ಚು. ಅದನ್ನೇ ದೋಷವೆಂದು ಗುತ್ತಿಗೆದಾರರು ಹೇಳುತ್ತಾರೆ. ನನ್ನ ಪ್ರಕಾರ ಅದೇ ಗುಣ. ಸಿಮೆಂಟು ಕಾರ್ಖಾನೆಗೆ ಹೋಗುವ ಹಣದ ಒಂದು ಪಾಲು ಊರಿನ ಕಾಯಕಜೀವಿಯ ಕೈಗೆ ಬರುತ್ತದೆ.

ನೀರಿನ ಲೆಕ್ಕ ಇನ್ನೂ ಸುಲಭ. 100 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಸೋರಿದ್ದು ಆವಿಯಾದದ್ದು ಕಳೆದರೂ 48,000 ಲೀಟರ್ ಸಿಗುತ್ತದೆ. ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ತಮ್ಮ ಮನೆಯನ್ನು ಮಳೆನೀರನ್ನೇ ನೆಚ್ಚಿ ನಡೆಸಿ ತೋರಿಸಿದ್ದಾರೆ. ಸೋಲಾರಿಗೆ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 2024ರಿಂದ 78,000 ರೂಪಾಯಿವರೆಗೆ ಸಹಾಯಧನವಿದೆ. ಹಾಕಿಸಿಕೊಳ್ಳಿ. ಆದರೆ ಅದಕ್ಕೂ ಮುಂಚೆ 75 ವ್ಯಾಟಿನ ಹಳೆಯ ಫ್ಯಾನುಗಳನ್ನು ತೆಗೆದು 30 ವ್ಯಾಟಿನವನ್ನು ಹಾಕಿ. ದಿನಕ್ಕೆ ಹತ್ತು ತಾಸು ತಿರುಗುವ ಒಂದು ಫ್ಯಾನಿನಿಂದ ವರ್ಷಕ್ಕೆ 160 ಯೂನಿಟ್ ಉಳಿಯುತ್ತದೆ.

ಕೊನೆಯದಾಗಿ ಪೂಜ್ಯರಲ್ಲಿ ಒಂದು ವಿನಂತಿ. ನಮ್ಮ ಮಠಗಳು ಕಟ್ಟಿದಷ್ಟು ಪ್ರಸಾದನಿಲಯ, ಶಾಲೆ, ಸಭಾಭವನಗಳನ್ನು ಬೇರೆಯವರು ಕಟ್ಟಿದ್ದು ಅಪರೂಪ. ಭಕ್ತರು ಮನೆ ಕಟ್ಟುವಾಗ ಮಠದ ಕಟ್ಟಡವನ್ನು ನೋಡಿಯೇ ಆಸೆಪಡುತ್ತಾರೆ. ಮಠವೇ ಗಾಜಿನ ಮುಖದ ಸಭಾಭವನ ಕಟ್ಟಿದರೆ ಭಕ್ತ ಹಂಚು, ಕಲ್ಲು ಯಾಕೆ ಹುಡುಕುತ್ತಾನೆ? ಮುಂದಿನ ಪ್ರಸಾದನಿಲಯದ ನಕ್ಷೆ ಬರೆಸುವಾಗ ಮಕ್ಕಳು ಮಲಗುವ ಕೋಣೆಗಳು ಪಶ್ಚಿಮಕ್ಕೆ ಬೀಳದಂತೆ, ಮಾಳಿಗೆಯ ನೀರು ಚರಂಡಿಗೆ ಹೋಗದಂತೆ ನೋಡಿಕೊಳ್ಳಬೇಕು. ಅದೇ ಕಟ್ಟಡದಲ್ಲಿ ಹತ್ತಿರದ ಊರುಗಳ ಗೌಂಡಿಗಳಿಗೆ ಎರಡು ವಾರ ತರಬೇತಿಯನ್ನೂ ಇಡಬಹುದು. ಭೂಮಿಪೂಜೆಗೆ ಬನ್ನಿ ಎಂದು ಕರೆಯಲು ಬಂದ ಭಕ್ತರಿಗೆ, ನಕ್ಷೆ ಮೊದಲು ತಂದು ತೋರಿಸಿ ಎಂದು ಪೂಜ್ಯರು ಹೇಳಿದರೆ ವಾಸ್ತು ಹೇಳುವವರ ಅರ್ಧ ವ್ಯಾಪಾರ ಅಲ್ಲೇ ನಿಲ್ಲುತ್ತದೆ. ನಕ್ಷೆ ನೋಡಿಕೊಡಲು ನಿವೃತ್ತ ಎಂಜಿನಿಯರುಗಳು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ತಿಂಗಳಿಗೊಂದು ದಿನ ಮಠದಲ್ಲಿ ಕುಳಿತು ಆ ಕೆಲಸ ಮಾಡಲು ನಾನು ಸಿದ್ಧ, ಸಂಭಾವನೆ ಬೇಡ, ಪ್ರಸಾದ ಸಾಕು.