ರೋಗವೆಂಬ ಹೆಸರು

ಮೈ ಸುಡುತ್ತಿದೆಯೆಂದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ಮನಸ್ಸು ಕೆಟ್ಟಿದೆಯೆಂಬುದಕ್ಕೆ ಸಾಕ್ಷಿ ಯಾವುದು? ಮನೆಯ ತರುಣನೊಬ್ಬನು ವಾರಗಟ್ಟಲೆ ಕೋಣೆಯ ಕದ ತೆರೆಯದೆ ಕುಳಿತನೆನ್ನೋಣ. ಅಜ್ಜಿ ಅದನ್ನು ದೃಷ್ಟಿಯೆನ್ನುತ್ತಾಳೆ, ತಂದೆ ಮೈಗಳ್ಳತನವೆನ್ನುತ್ತಾನೆ, ವೈದ್ಯನು ಖಿನ್ನತೆಯೆನ್ನುತ್ತಾನೆ. ಹಳಗನ್ನಡದ ‘ಮರುಳ್’ ಎಂಬ ಶಬ್ದದಲ್ಲಿಯೂ ಈ ತೊಡಕು ಅಡಗಿದೆ: ಪಿಶಾಚಿಗೂ ಅದೇ ಹೆಸರು, ಬುದ್ಧಿಭ್ರಮೆಗೂ ಅದೇ ಹೆಸರು. ಹೆಸರು ಬದಲಾದಂತೆ ಆ ತರುಣನಿಗೆ ಸಲ್ಲುವುದೂ ಬದಲಾಗುತ್ತದೆ: ತಾಯಿತ, ಬೈಗುಳ, ಇಲ್ಲವೆ ಔಷಧ.

ವೈದ್ಯನಿಟ್ಟ ಹೆಸರುಗಳೆಲ್ಲವೂ ಸತ್ಯವಾದುವೆಂದು ನಂಬಬಹುದೆ? 1851ರಲ್ಲಿ ಅಮೆರಿಕದ ಲೂಯಿಸಿಯಾನ ಪ್ರಾಂತದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು ಒಂದು ಹೊಸ ಮನೋರೋಗವನ್ನು ವರ್ಣಿಸಿದನು. ಒಡೆಯನ ಬಳಿಯಿಂದ ಓಡಿಹೋಗಬೇಕೆಂಬ ಗುಲಾಮನ ಹಂಬಲವೇ ಆ ರೋಗ! ಅದಕ್ಕೆ ‘ಡ್ರಾಪೆಟೋಮೇನಿಯಾ’ ಎಂಬ ಗ್ರೀಕ್ ಹೆಸರೂ ದೊರೆಯಿತು. ತಡೆಯುವ ಉಪಾಯಗಳಲ್ಲಿ ಚಾವಟಿಯೇಟೂ ಸೇರಿತ್ತು. ಸ್ವಾತಂತ್ರ್ಯದ ಬಯಕೆಯು ರೋಗವಾಯಿತು, ದಾಸ್ಯವು ಆರೋಗ್ಯವಾಯಿತು.

ಮನೋವೈದ್ಯ ಥಾಮಸ್ ಸಾಸ್ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನೋರೋಗವೆಂಬುದೇ ಒಂದು ಮಿಥ್ಯೆಯೆಂದು ವಾದಿಸಿದನು. ರೋಗವು ದೇಹಕ್ಕೆ ಸೇರಿದ್ದು; ಉಳಿದುದೆಲ್ಲ ಬಾಳಿನ ಸಮಸ್ಯೆ ಎಂಬುದು ಅವನ ಮತ. ವಾದವು ಹರಿತವಾದುದೇ ಸರಿ. ಆದರೆ ಅದಕ್ಕೆ ಇದಿರಾಗಿ ಇನ್ನೊಂದು ಸಂಗತಿಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ತಾನೇ ಚಕ್ರವರ್ತಿಯೆಂದು ಭ್ರಮಿಸಿ, ಕಡೆಗೆ ಕೈಕಾಲು ಬಿದ್ದು ಸಾಯುವ ರೋಗಿಗಳು ಬಹಳವಾಗಿದ್ದರು. ಕುಡಿತವೋ ದುರ್ನಡತೆಯೋ ಇದಕ್ಕೆ ಕಾರಣವೆಂದು ಅನೇಕರು ಬಗೆದಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ವಿಜ್ಞಾನಿಗಳು ಅಂತಹ ರೋಗಿಗಳ ಮಿದುಳಿನಲ್ಲಿ ಸಿಫಿಲಿಸ್ ರೋಗದ ಜೀವಾಣುವನ್ನು ಕಂಡರು. ಹಾಗಾದರೆ 1912ರ ರೋಗಿಯು ರೋಗಿಯಾಗಿರಲಿಲ್ಲವೆ? ಸೂಕ್ಷ್ಮದರ್ಶಕವು ಜೀವಾಣುವನ್ನು ತೋರಿಸಿತೇ ಹೊರತು ನೋವನ್ನು ತೋರಿಸಲಿಲ್ಲ. ನೋವು ಮೊದಲೇ ಇದ್ದಿತು. ಅದು ಇದ್ದುದರಿಂದಲೇ ಹುಡುಕಾಟವೂ ನಡೆಯಿತು.

ಆದುದರಿಂದ ಹೆಸರಿನ ಸತ್ಯಾಸತ್ಯವನ್ನು ಅರಿಯಲು ಕೇಳಬೇಕಾದ ಮೊದಲ ಪ್ರಶ್ನೆ ಇದು: ನರಳುತ್ತಿರುವವರಾರು? ಕಾರ್ಟ್‌ರೈಟನ ರೋಗದಲ್ಲಿ ನಷ್ಟವಾದುದು ಒಡೆಯನಿಗೆ. ಹೆಸರು ಬಿದ್ದುದು ಗುಲಾಮನಿಗೆ. ಭಾರತದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯೂ ಈ ಎಚ್ಚರವನ್ನು ವಹಿಸಿದೆ. ಸಮಾಜದ ನೈತಿಕ, ಸಾಂಸ್ಕೃತಿಕ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದ ಯಾರನ್ನೂ ಮನೋರೋಗಿಯೆಂದು ನಿರ್ಧರಿಸಕೂಡದೆಂದು ಅದು ವಿಧಿಸುತ್ತದೆ. ಮನೆಯವರು ಗೊತ್ತುಮಾಡಿದ ಮದುವೆಯನ್ನು ಒಲ್ಲೆನೆಂದ ಮಗಳು ಅಷ್ಟರಿಂದಲೇ ರೋಗಿಯಾಗಳು.

ಇಲ್ಲಿಗೆ ಕಗ್ಗಂಟು ಬಿಚ್ಚಿತೆನ್ನುವಂತಿಲ್ಲ. ಉನ್ಮಾದದ ಏರಿನಲ್ಲಿರುವವನು ತನಗೆ ನೋವೇ ಇಲ್ಲವೆನ್ನಬಹುದು. ಮನೆಮಠ ಮಾರಿ ಹಂಚಲು ಹೊರಟು, ತಡೆದವರನ್ನು ಶತ್ರುಗಳೆನ್ನಬಹುದು. ಆಗ ಯಾರ ಮಾತನ್ನು ಅವನ ಮಾತೆಂದು ತಿಳಿಯಬೇಕು? ಕಾಯಿದೆಯಲ್ಲಿ ಇದಕ್ಕೊಂದು ದಾರಿಯುಂಟು. ಸ್ವಸ್ಥನಾಗಿರುವಾಗಲೇ ಮನುಷ್ಯನು, ಮುಂದೆ ತನಗೆ ಮತಿ ತಪ್ಪಿದರೆ ಎಂತಹ ಚಿಕಿತ್ಸೆ ಬೇಕು, ಎಂತಹುದು ಬೇಡ ಎಂದು ಬರೆದಿಡಬಹುದು. ತನ್ನ ಪರವಾಗಿ ಮಾತನಾಡುವವರನ್ನೂ ಹೆಸರಿಸಬಹುದು. ಇಂದಿನ ‘ನಾನು’ ನಾಳಿನ ‘ನಾನು’ವಿಗೆ ಬರೆದ ಪತ್ರವದು. ಎರಡರಲ್ಲಿ ನಿಜವಾದ ‘ನಾನು’ ಯಾವುದೆಂಬುದನ್ನು ಯಾವ ಕಾಯಿದೆಯೂ ತೀರ್ಮಾನಿಸಲಾರದು. ಆದರೆ ಆ ಪತ್ರವಿದ್ದಲ್ಲಿ ಅವನ ಬಾಳಿನ ವಿಷಯದಲ್ಲಿ ಅವನ ದನಿ ಪೂರ್ತಿ ಅಡಗುವುದಿಲ್ಲ.

ಮುಚ್ಚಿದ ಕದದ ಹೊರಗೆ ನಿಂತಿರುವ ತಂದೆಗೆ ತತ್ತ್ವಶಾಸ್ತ್ರದಿಂದ ದೊರೆಯುವ ನೆರವು ಅಲ್ಪವೇ. ‘ನಾಲ್ಕು ಜನ ಏನೆಂದಾರು’ ಎಂಬುದು ನಾಲ್ಕು ಜನರ ನೋವು. ‘ನಿನಗೇನಾಗುತ್ತಿದೆ, ಮಗು’ ಎಂಬುದೊಂದೇ ಒಳಗಿರುವವನಿಗೆ ಸೇರಿದ ಪ್ರಶ್ನೆ. ವೈದ್ಯನ ಬಳಿಗೆ ಹೋಗುವ ಹಾದಿಯೂ ಅಲ್ಲಿಂದಲೇ ಮೊದಲಾಗುತ್ತದೆ.