ದಾಖಲೆಯ ವೇಗ, ಸಹಾಯಧನದ ಲಾಭ

1851ರ ಆಗಸ್ಟ್ ತಿಂಗಳಲ್ಲಿ 'ಬಾಲ್ಟಿಕ್' ಎಂಬ ಅಮೆರಿಕದ ಉಗಿಹಡಗು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ ಹೊರಟು ಹತ್ತು ದಿನಗಳೊಳಗೆ ನ್ಯೂಯಾರ್ಕ್ ತಲುಪಿತು. ಪಶ್ಚಿಮಾಭಿಮುಖ ಯಾನದಲ್ಲಿ ಅದು ಹೊಸ ದಾಖಲೆ. 1854ರಲ್ಲಿ ಪೂರ್ವಾಭಿಮುಖ ಯಾನದ ದಾಖಲೆಯೂ ಅದರದಾಯಿತು. ಆದರೆ ಅದರ ಒಡೆತನದ ಕಂಪನಿ 1858ರಲ್ಲಿ ಬಾಗಿಲು ಮುಚ್ಚಿತು. ಈ ವೈರುಧ್ಯ ವ್ಯಾಪಾರಸ್ಥರು ಗಮನಿಸತಕ್ಕದ್ದು.

ಬ್ರಿಟನ್ನಿನ ಕ್ಯೂನಾರ್ಡ್ ಕಂಪನಿಯನ್ನು ಹಿಂದಿಕ್ಕುವ ಉದ್ದೇಶದಿಂದ ಎಡ್ವರ್ಡ್ ನೈಟ್ ಕಾಲಿನ್ಸ್ ಎಂಬ ಉದ್ಯಮಿ 1847ರಲ್ಲಿ ಅಮೆರಿಕ ಸರ್ಕಾರದೊಡನೆ ಅಂಚೆ ಸಾಗಣೆಯ ಒಪ್ಪಂದ ಮಾಡಿಕೊಂಡರು. ವಾರ್ಷಿಕ ಸಹಾಯಧನ 3,85,000 ಡಾಲರ್. ಅಟ್ಲಾಂಟಿಕ್, ಪೆಸಿಫಿಕ್, ಆರ್ಕ್ಟಿಕ್, ಬಾಲ್ಟಿಕ್ ಎಂಬ ನಾಲ್ಕು ವೈಭವದ ಹಡಗುಗಳು ಸಿದ್ಧವಾದವು. ಮರದ ಒಡಲಿಗೆ ಭಾರಿ ಯಂತ್ರಗಳನ್ನು ಅಳವಡಿಸಿ, ಕಲ್ಲಿದ್ದಲನ್ನು ಲೆಕ್ಕವಿಲ್ಲದೆ ಸುಟ್ಟು ವೇಗ ಸಾಧಿಸಲಾಯಿತು. ಆ ಒತ್ತಡಕ್ಕೆ ಒಡಲು ಸಡಿಲಗೊಂಡು ದುರಸ್ತಿಯ ವೆಚ್ಚ ಬೆಳೆಯುತ್ತಲೇ ಹೋಯಿತು. ಪ್ರಯಾಣಿಕರು ಮುಗಿಬಿದ್ದರೂ ಖರ್ಚು ಸರಿದೂಗಲಿಲ್ಲ. 1852ರಲ್ಲಿ ಸಹಾಯಧನವನ್ನು 8,58,000 ಡಾಲರಿಗೆ ಏರಿಸಬೇಕಾಯಿತು.

ಅನಂತರ ದುರಂತಗಳು ಒದಗಿದವು. 1854ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಹಡಗು ಮಂಜಿನಲ್ಲಿ ಡಿಕ್ಕಿಯಾಗಿ ಮುಳುಗಿತು. ಮೃತರಲ್ಲಿ ಕಾಲಿನ್ಸ್ ಅವರ ಪತ್ನಿ ಮತ್ತು ಇಬ್ಬರು ಮಕ್ಕಳೂ ಇದ್ದರು. 1856ರಲ್ಲಿ ಪೆಸಿಫಿಕ್ ಸುಳಿವಿಲ್ಲದೆ ಕಣ್ಮರೆಯಾಯಿತು. ಅದೇ ವರ್ಷ ಕ್ಯೂನಾರ್ಡ್ ಕಂಪನಿಯ ಕಬ್ಬಿಣದ ಹಡಗು 'ಪರ್ಷಿಯಾ' ದಾಖಲೆಯನ್ನು ಕಸಿದುಕೊಂಡಿತು; ಅಮೆರಿಕದ ಸಂಸತ್ತು ಹೆಚ್ಚುವರಿ ಸಹಾಯಧನವನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. 1858ರ ಫೆಬ್ರವರಿಯಲ್ಲಿ ಸೇವೆ ನಿಂತಿತು. ಏಪ್ರಿಲ್‌ನಲ್ಲಿ ಉಳಿದ ಮೂರು ಹಡಗುಗಳು ಹರಾಜಿನಲ್ಲಿ ಕೇವಲ 50,000 ಡಾಲರಿಗೆ ಹೋದವು.

ಬಾಲ್ಟಿಕ್ ಮಾತ್ರ ಬಹುಕಾಲ ದುಡಿಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ ಸಮ್ಟರ್ ಕೋಟೆಯಿಂದ ಶರಣಾದ ಸೈನಿಕರನ್ನು ನ್ಯೂಯಾರ್ಕಿಗೆ ಕರೆತಂದದ್ದು ಅದೇ. ಕಡೆಗೆ ಯಂತ್ರಗಳನ್ನು ಕಳಚಿ ಅದನ್ನು ಹಾಯಿಹಡಗಾಗಿ ಪರಿವರ್ತಿಸಲಾಯಿತು, 1880ರಲ್ಲಿ ಒಡೆದುಹಾಕಲಾಯಿತು. ಅಂದರೆ ಆಸ್ತಿಯ ಆಯುಷ್ಯ ಕಂಪನಿಯ ಆಯುಷ್ಯವನ್ನು ಮೀರಿತು.

ದುರಂತಗಳೇ ಕಂಪನಿಯನ್ನು ಮುಳುಗಿಸಿದವೆಂದು ಹೇಳುವವರುಂಟು. ಸರ್ಕಾರದ ನೆರವು ಪಡೆದದ್ದೇ ತಪ್ಪೆಂಬ ವಾದವೂ ಇದೆ. ಎರಡನ್ನೂ ಪೂರ್ಣವಾಗಿ ಒಪ್ಪಲಾಗದು. ಮೊದಲ ಹಡಗು ಮುಳುಗುವುದಕ್ಕೆ ಎರಡು ವರ್ಷ ಮುನ್ನವೇ ನೆರವು ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಇನ್ನು ಕ್ಯೂನಾರ್ಡ್ ಕಂಪನಿಯೂ ತನ್ನ ಸರ್ಕಾರದಿಂದ ಅಂಚೆಯ ಹಣ ಪಡೆಯುತ್ತಿತ್ತು. ಆದರೆ ಅದು ವೆಚ್ಚದ ಮೇಲೆ ಹಿಡಿತವಿಟ್ಟುಕೊಂಡು ಎಚ್ಚರಿಕೆಯಿಂದ ಬೆಳೆಯಿತು. ಕಾಲಿನ್ಸ್ ಕಂಪನಿ ನೆರವಿನ ಮೊತ್ತಕ್ಕೆ ತಕ್ಕಂತೆ ಖರ್ಚನ್ನು ಹಿಗ್ಗಿಸಿಕೊಂಡಿತು. ಒಬ್ಬನೇ ದಾತನ ಮರ್ಜಿಗೆ ತನ್ನನ್ನು ಒಪ್ಪಿಸಿಕೊಂಡಿತು.

ನಮ್ಮ ಸಣ್ಣ ಕೈಗಾರಿಕೆಗಳೂ ಬಂಡವಾಳ ಸಹಾಯಧನ, ಬಡ್ಡಿ ರಿಯಾಯಿತಿಗಳನ್ನು ಪಡೆಯುತ್ತವೆ. ಅದು ನ್ಯಾಯಬದ್ಧವೇ. ಆದರೆ ವರ್ಷಾಂತ್ಯದಲ್ಲಿ ಲಾಭ-ನಷ್ಟದ ಪಟ್ಟಿಯನ್ನು ಮುಂದಿಟ್ಟುಕೊಂಡು ಇಂತಹ ನೆರವಿನ ಮೊತ್ತವನ್ನು ಹೊರಗಿಟ್ಟು ಇನ್ನೊಮ್ಮೆ ಕೂಡಿ ನೋಡಬೇಕು. ಆಗಲೂ ಲಾಭ ಉಳಿದರೆ ಅದು ವ್ಯಾಪಾರದ ಗಳಿಕೆ. ಉಳಿಯದಿದ್ದರೆ ಎಷ್ಟು ವರ್ಷಗಳಲ್ಲಿ ಸ್ವಂತ ಕಾಲ ಮೇಲೆ ನಿಲ್ಲುವೆವೆಂಬ ಲಿಖಿತ ಯೋಜನೆ ಕೈಯಲ್ಲಿರಬೇಕು. ಸರ್ಕಾರದ ಆದೇಶವೊಂದು ಬದಲಾದ ದಿನ ಆ ಲೆಕ್ಕ ಹಾಕಲು ಕುಳಿತರೆ ಕಾಲ ಮೀರಿರುತ್ತದೆ.