ಒತ್ತದೆ ತೆರೆಯುವ ಪುಟಗಳು

2005ರಲ್ಲಿ ಜರ್ಮನಿಯ ಅಲೆಕ್ಸ್ ಫ್ರಾಂಕ್ ಎಂಬ ವಿನ್ಯಾಸಕಾರರು ‘ಡೋಂಟ್‌ಕ್ಲಿಕ್ ಡಾಟ್ ಇಟ್’ ಎಂಬ ಜಾಲತಾಣವನ್ನು ರಚಿಸಿ, ಗಣಕದ ಮುಂದೆ ಕುಳಿತವರೆಲ್ಲರ ಬೆರಳಿಗೆ ಅಂಟಿದ್ದ ಅಭ್ಯಾಸವೊಂದನ್ನು ಪರೀಕ್ಷೆಗೊಡ್ಡಿದರು. ಅಲ್ಲಿ ಮೌಸಿನ ಗುಂಡಿಯನ್ನು ಒತ್ತುವಂತಿರಲಿಲ್ಲ; ಬಾಣದ ಗುರುತನ್ನು ಬೇಕಾದೆಡೆಗೆ ಸರಿಸಿದ ಮಾತ್ರಕ್ಕೆ ಪುಟಗಳು ತೆರೆದುಕೊಳ್ಳುತ್ತಿದ್ದುವು; ರೂಢಿಬಲದಿಂದ ಯಾರಾದರೂ ಒತ್ತಿಬಿಟ್ಟರೆ, ಅದು ಅಭ್ಯಾಸದಿಂದಾದುದೋ ಆಕಸ್ಮಿಕವೋ ಎಂದು ತಾಣವೇ ಕೇಳುತ್ತಿತ್ತು. ತನ್ನ ನಿಯಮವನ್ನು ಹೆಸರಿನಲ್ಲಿಯೇ ಸಾರಿ, ಬಂದವರಿಗೆ ಹೆಜ್ಜೆಹೆಜ್ಜೆಗೂ ಅದನ್ನು ಕಲಿಸುತ್ತ ಹೋದುದರಿಂದಲೇ ಆ ಪ್ರಯೋಗವು ಜನರನ್ನು ತನ್ಮಯಗೊಳಿಸಿತೆಂದು ನನ್ನ ಅಭಿಪ್ರಾಯ.

ಆದರೆ ಗುಂಡಿಯೊತ್ತುವ ಆ ಅಲ್ಪಕ್ರಿಯೆಯೊಳಗೆ, ನೋಡುವುದಕ್ಕೂ ನಿಶ್ಚಯಿಸುವುದಕ್ಕೂ ನಡುವಣ ಗಡಿಯೊಂದು ಅಡಗಿರುವುದು. ಅದನ್ನು ಅಳಿಸಿದೊಡನೆ ದೃಷ್ಟಿ ಹಾಯಿಸಿದುದೂ ಆಜ್ಞೆಯಾಗಿಬಿಡುವುದು. ಕಣ್ಣೋಟದಿಂದಲೇ ಗಣಕವನ್ನು ನಡೆಸಲೆಳಸಿದ ಸಂಶೋಧಕರು ಈ ತೊಡಕಿಗೆ ಮುಟ್ಟಿದ್ದೆಲ್ಲವೂ ಹೊನ್ನಾಗುವ ಗ್ರೀಕ್ ಪುರಾಣದ ದೊರೆ ಮಿಡಾಸನ ಹೆಸರನ್ನಿತ್ತಿದ್ದಾರೆ.

ಕಲಾಪ್ರಯೋಗದಲ್ಲಿ ಇದು ಕುತೂಹಲಕರವೇ ಸರಿ. ಅದೇ ತಂತ್ರವು ಶುಲ್ಕ ಕಟ್ಟುವ, ಅರ್ಜಿ ಸಲ್ಲಿಸುವ ತಾಣಗಳಿಗೆ ಬಂದಾಗ ಮಾತ್ರ ಅನ್ಯಾಯವಾಗುತ್ತದೆ. ಮೇಲಿನ ಪಟ್ಟಿಯ ಮೇಲೆ ಬಾಣವಿಟ್ಟರೆ ಕೆಳಗೆ ಉಪಪಟ್ಟಿ ಇಳಿಯುತ್ತದೆ. ಬೇಕಾದ ಸಾಲಿನತ್ತ ಓರೆಯಾಗಿ ಸಾಗುವಷ್ಟರಲ್ಲಿ ಬಾಣವು ಪಕ್ಕದ ಶೀರ್ಷಿಕೆಯನ್ನು ಸೋಕಿ, ಆ ಉಪಪಟ್ಟಿ ಮುಚ್ಚಿ ಮತ್ತೊಂದು ತೆರೆಯುತ್ತದೆ. ಕೈನಡುಗುವ ವೃದ್ಧರ ಪಾಡೇನು? ಸ್ಪರ್ಶಪರದೆಯ ಮೊಬೈಲಿನಲ್ಲಂತೂ ಬೆರಳು ಒಂದೋ ತಾಗಿರುತ್ತದೆ, ಇಲ್ಲವೆ ದೂರವಿರುತ್ತದೆ. ತಾಗದೆ ಮೇಲೆ ಸುಳಿಯುವುದೆಂಬ ಸ್ಥಿತಿಯೇ ಅಲ್ಲಿಲ್ಲ. ದೃಷ್ಟಿಹೀನರು ಕೀಲಿಮಣೆಯನ್ನೂ ಪರದೆಯನ್ನು ಓದಿಹೇಳುವ ತಂತ್ರಾಂಶವನ್ನೂ ನಂಬಿರುವರೇ ಹೊರತು ಬಾಣವನ್ನಲ್ಲ.

2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಜಾಲ ಸುಗಮ್ಯತಾ ಮಾರ್ಗಸೂಚಿಯು ಬಾಣ ಸುಳಿದೊಡನೆ ತೆರೆಯುವ ಅಂಶಗಳಿಗೆ ಸ್ಪಷ್ಟವಾದ ಕಟ್ಟಳೆಯನ್ನೇ ವಿಧಿಸಿದೆ: ಹಾಗೆ ತೆರೆದುಕೊಂಡ ಅಂಶವನ್ನು ಬಾಣ ಸರಿಸದೆಯೇ ಮುಚ್ಚುವಂತಿರಬೇಕು, ಅದರ ಮೇಲೆ ಬಾಣವನ್ನು ಒಯ್ದರೂ ಅದು ಮಾಯವಾಗಬಾರದು, ಬಳಕೆದಾರನು ಬಿಡುವವರೆಗೂ ನಿಂತಿರಬೇಕು. ಇಷ್ಟನ್ನೂ ಪಾಲಿಸದ ಚಮತ್ಕಾರವನ್ನು ನಾವೀನ್ಯವೆಂದು ಮೆಚ್ಚಲು ನನ್ನ ಮನಸ್ಸೊಪ್ಪದು.

ಪ್ರಯೋಗಗಳು ನಡೆಯಲಿ, ಅವಕ್ಕೆಂದೇ ತೆರೆದ ತಾಣಗಳಲ್ಲಿ ಯಥೇಚ್ಛವಾಗಿ ನಡೆಯಲಿ. ಗತ್ಯಂತರವಿಲ್ಲದೆ ಜನರು ಬರತಕ್ಕ ತಾಣವನ್ನಾದರೋ, ಅದನ್ನು ಕಟ್ಟಿದವರೇ ಮೌಸನ್ನು ಪಕ್ಕಕ್ಕಿಟ್ಟು ಕೀಲಿಮಣೆಯೊಂದರಿಂದಲೂ, ಬಳಿಕ ಮೊಬೈಲಿನಲ್ಲಿ ಹೆಬ್ಬೆರಳೊಂದರಿಂದಲೂ ಇಡಿಯ ಅರ್ಜಿಯನ್ನು ತುಂಬಿ ನೋಡಿದ ತರುವಾಯವೇ ಸಾರ್ವಜನಿಕರಿಗೆ ಬಿಡತಕ್ಕದ್ದು.